ಜಲ್ಲಿ ರಸ್ತೆಯ ಸಂಶೋಧಕರು

ಇವತ್ತು ಬೆಳಿಗ್ಗೆ ಗೇಟಿನ ಹತ್ತಿರ ರಬ್ಬರ್ ಸಲ್ಯೂಷನ್ನಿನ ವಾಸನೆ ಮೂಗಿಗೆ ಬಡಿಯಿತು. ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಹಲ್ಲಿನ ಡಾಕ್ಟರು ಸಿಂಧು, ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿಕೊಂಡು ಪಂಕ್ಚರ್ ಹಾಕುತ್ತಿದ್ದಳು. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು, ದಪ್ಪ ಟೈರು.

"ಇದೇನಮ್ಮ ಇದು?"

"ಗ್ರಾವೆಲ್ ಬೈಕ್ ಅಂಕಲ್. ಜಲ್ಲಿ ರಸ್ತೆ, ಮಣ್ ರಸ್ತೆಗೆ ಅಂತ್ಲೇ ಮಾಡಿರೋದು. ಭಾನುವಾರ ಗುಡ್ಡದ ಕಡೆ ಹಳೇ ಹಳ್ಳಿಗಳಿಗೆಲ್ಲ ಹೋಗ್ತೀವಿ. ಸಖತ್ತಾಗಿರುತ್ತೆ!"

"ಇಲ್ಲಿಂದ್ಲೇ ತುಳ್ಕೊಂಡು ಹೋಗ್ತೀಯಾ?"

"ಅಯ್ಯೋ ಇಲ್ಲ, ಅಲ್ಲೀತನಕ ಕಾರಲ್ಲಿ ಹಾಕ್ಕೊಂಡು ಹೋಗ್ತೀವಿ. ಇಲ್ಲೆಲ್ಲಾ ಟಾರ್ ರೋಡೇ ಅಲ್ವಾ?"

ಕೆಟ್ಟ ರಸ್ತೆಯನ್ನು ಹುಡುಕಿಕೊಂಡು ಕಾರಿನಲ್ಲಿ ಹೋಗುವ ಕಾಲವನ್ನೂ ನೋಡಿದ್ದಾಯಿತು. ನಮ್ಮ ಕಾಲದಲ್ಲಿ ಅದು ತಾನಾಗಿಯೇ ಬಾಗಿಲಿಗೆ ಬಂದು ನಿಂತಿರುತ್ತಿತ್ತು ಸ್ವಾಮಿ. ಅರವತ್ತರ ದಶಕದಲ್ಲಿ ನಾನು ಜಯನಗರದಲ್ಲಿ ಕೋಣೆ ಹಿಡಿದಾಗ, ಟಾರು ನಾಲ್ಕು ಹೆಜ್ಜೆ ಬಂದು ಸುಸ್ತಾಗಿ ಕೂತುಬಿಟ್ಟಿತ್ತು. ಅದರಾಚೆ ಜಲ್ಲಿ, ಜಲ್ಲಿಯಾಚೆ ಗಾಡಿಯ ಜಾಡು, ರಾಗಿ ಹೊಲ. ಬನಶಂಕರಿ ಗುಡಿ ದಾಟಿದರೆ ಕುರುಚಲು ಗುಡ್ಡಗಳು. ಈಗ ಕುಮಾರಸ್ವಾಮಿ ಲೇಔಟ್ ಇರುವ ಏರಿನಲ್ಲಿ ಸೈಕಲ್ಲೇ ನಮ್ಮನ್ನು ಹತ್ತಿಕೊಂಡಂತೆ ಆಗುತ್ತಿತ್ತು.

ಆ ಏರನ್ನು ನನಗೆ ಹತ್ತಿಸಿದವರು ನಂಜುಂಡಯ್ಯನವರು. ನಾನು ಸರ್ಕಾರಿ ಕಚೇರಿಯೊಂದರಲ್ಲಿ ಹೊಸ ಗುಮಾಸ್ತ, ಅವರು ನಮ್ಮ ಹೆಡ್ ಕ್ಲರ್ಕು. ಒಂದು ಸಂಜೆ ಶಾಸನಗಳ ಮೇಲಿನ ಉಪನ್ಯಾಸವೊಂದನ್ನು ಕೇಳಿ ಬಂದವರಿಗೆ, ಸುತ್ತಮುತ್ತಲ ಹಳ್ಳಿಗಳಲ್ಲಿ ರಾಜರುಗಳು ತಮ್ಮ ದಾರಿಯನ್ನೇ ಕಾಯುತ್ತ ಬಿದ್ದಿದ್ದಾರೆ ಎನ್ನಿಸಿಬಿಟ್ಟಿತು. ಮರುದಿನವೇ "ಪ್ರಾಚೀನ ಗ್ರಾಮ ದ್ವಿಚಕ್ರ ಸಂಶೋಧನಾ ಮಂಡಲಿ" ಹುಟ್ಟಿತು. ಅಧ್ಯಕ್ಷರು ಅವರು. ಕಾರ್ಯದರ್ಶಿ, ಸದಸ್ಯ ಮತ್ತು ಪಂಪು ಹೊರುವವನು ನಾನು. ನನಗೆ ಇತಿಹಾಸದಲ್ಲಿ ಆಸಕ್ತಿಯಿತ್ತೇ ಎಂದು ಕೇಳಬೇಡಿ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

ಪ್ರತಿ ಭಾನುವಾರ ಹೊರಡುತ್ತಿದ್ದೆವು. ಅವರದು ಕ್ಲೋಸ್ ಕೋಟು, ಪೇಟ, ಪಂಚೆಯ ಅಂಚಿಗೊಂದು ಕ್ಲಿಪ್ಪು. ಕ್ಯಾರಿಯರ್ ಮೇಲೆ ಬ್ರಷ್ಷು, ಮಸಿ, ಕಾಗದದ ಸುರುಳಿ ಮತ್ತು ಅವರ ಮನೆಯವರು ಕಟ್ಟಿಕೊಟ್ಟ ಪುಳಿಯೋಗರೆ. ಸಂಶೋಧನೆಯಲ್ಲಿ ನನಗೆ ಖಚಿತವಾಗಿ ಸಿಗುತ್ತಿದ್ದದ್ದು ಕೊನೆಯದು. ಹಳ್ಳಿಯವರು ಮೊದಮೊದಲು ನಮ್ಮನ್ನು ಸಿಡುಬಿನ ಚುಚ್ಚುಮದ್ದು ಹಾಕುವವರೆಂದು ತಿಳಿದು ಮಕ್ಕಳನ್ನು ಬಚ್ಚಿಡುತ್ತಿದ್ದರು.

ಹೀಗಿರಲು ಹುತ್ತದಹಳ್ಳಿಯ ಗುಡ್ಡ ಇಳಿಯುವಾಗ ಅಧ್ಯಕ್ಷರ ಮುಂದಿನ ಚಕ್ರ ಜಲ್ಲಿಯಲ್ಲಿ ಜಾರಿತು. ಪೇಟ ಒಂದು ಕಡೆ, ಪುಳಿಯೋಗರೆ ಒಂದು ಕಡೆ, ಅವರು ರಾಗಿ ಹೊಲದಲ್ಲಿ. ಕೆರೆಯ ತೂಬಿನ ಬಳಿ ಬಟ್ಟೆ ಒಗೆಯುತ್ತಿದ್ದ ಮುನಿಯಮ್ಮ ಎಂಬ ಹೆಂಗಸು ಮೊದಲು ಮನಸಾರೆ ನಕ್ಕು, ಆಮೇಲೆ ಓಡಿಬಂದು ಅವರನ್ನು ಎಬ್ಬಿಸಿ, ಮಂಡಿ ತೊಳೆಯಲು ತನ್ನ ಒಗೆಯುವ ಕಲ್ಲಿನ ಮೇಲೆ ಕೂರಿಸಿದಳು. ಕೂತವರು ಚೇಳು ಕಡಿದಂತೆ ಎದ್ದರು.

"ಅಕ್ಷರ! ಅಕ್ಷರ ಇದೆ ಕಣಯ್ಯ! ಇದು ಶಾಸನ!"

"ಶಾಸನಾನೋ ಏನೋ, ಒಸಿ ಪಕ್ಕಕ್ ಬನ್ನಿ ಸ್ವಾಮಿ, ಬಟ್ಟೆ ಒಗೀಬೇಕು" ಎಂದಳು ಮುನಿಯಮ್ಮ.

ನಂಜುಂಡಯ್ಯನವರು ಮಂಡಿಯ ರಕ್ತ ಮರೆತು ಗಟ್ಟಿಯಾಗಿ ಓದತೊಡಗಿದರು. ಒಬ್ಬ ಮಹಾರಾಜ, ಅವನ ತಂದೆ, ತಾತ, ಗೆದ್ದ ದೇಶಗಳು, ಆನೆ, ಕುದುರೆ. ಮುನಿಯಮ್ಮ ಸೊಂಟದ ಮೇಲೆ ಕೈಯಿಟ್ಟು ಕೊನೆಯವರೆಗೂ ಕೇಳಿ, "ಇಷ್ಟೆಲ್ಲಾ ಈ ಮೊಳದುದ್ದದ ಕಲ್ಲಲ್ಲಿ ಹೆಂಗ್ ಸ್ವಾಮಿ ಇಡೀತು?" ಎಂದಳು. ಮಂಡಲಿಯ ಸಂಶೋಧನೆಗೆ ಬಂದ ಮೊದಲ ವಿಮರ್ಶೆ ಅದೇ ಎಂದು ಈಗಲೂ ನನ್ನ ನಂಬಿಕೆ.

ಆಮೇಲಿನ ಭಾನುವಾರಗಳೆಲ್ಲ ಹುತ್ತದಹಳ್ಳಿಗೇ ಮೀಸಲಾದವು. ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು, ಮಸಿ ಹಚ್ಚಿ ಅಚ್ಚು ತೆಗೆದೆವು. ಕಚೇರಿಯಲ್ಲಿ ಕಾಫಿಯ ಹೊತ್ತಿಗೆ ಮಹಾರಾಜನ ಸೈನ್ಯ ವಾರದಿಂದ ವಾರಕ್ಕೆ ಬೆಳೆಯುತ್ತಿತ್ತು. ನಾವು ನಗುವುದಕ್ಕೆ ಅವರು ಬೆನ್ನು ತಿರುಗಿಸುವವರೆಗೆ ಕಾಯುತ್ತಿದ್ದೆವು.

ಒಂದು ಭಾನುವಾರ ಹೋದರೆ ಊರಿಗೆ ಊರೇ ಕೆರೆಯ ಏರಿಯ ಮೇಲೆ ನಿಂತಿತ್ತು. ಸರ್ವೆಯವರು ಬಂದು ಸರಪಣಿ ಎಳೆದು ಗೂಟ ಹೊಡೆದು ಹೋಗಿದ್ದರು. ಬಡಾವಣೆ ಬರುತ್ತದಂತೆ, ಕೆರೆ ಮುಚ್ಚಿ ಸೈಟು ಮಾಡುತ್ತಾರಂತೆ.

ಮುನಿಯಮ್ಮನೇ ಮುಂದೆ ಬಂದಳು. ಅವತ್ತು ನಗು ಇರಲಿಲ್ಲ. "ಬುಧವಾರ ಸಾಯೇಬ್ರು ಬತ್ತಾರಂತೆ ಸ್ವಾಮಿ. ಕಲ್ಲಲ್ಲಿ ನಮ್ ಕೆರೆ ಇಸ್ಯ ಏನಾರ ಬರ್ದೈತಾ? ಬರ್ದಿದ್ರೆ ನೀವೇ ಬಂದು ಓದ್ ಯೋಳ್ಬೇಕು. ನಾವು ಯೋಳಿದ್ರೆ ಯಾರ್ ಕೇಳ್ತಾರೆ?"

ನಂಜುಂಡಯ್ಯನವರು ಆಗಲಿ ಎಂದರು. ವಾಪಸು ಬರುವಾಗ ಗುಡ್ಡದ ಏರು ಹತ್ತಿದ ಮೇಲೆ ಸೈಕಲ್ ಮಲಗಿಸಿ ಬಂಡೆಯ ಮೇಲೆ ಕೂತರು. ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವರ ತಲೆ ಅಷ್ಟು ಬೆಳ್ಳಗಾಗಿದೆ ಎಂದು ನನಗೆ ಅದುವರೆಗೆ ಗೊತ್ತಿರಲಿಲ್ಲ.

"ನನಗೆ ಆ ಲಿಪಿ ಓದೋಕೆ ಬರಲ್ಲ ಕಣಯ್ಯ" ಎಂದರು. "'ಸ್ವಸ್ತಿ' ಅನ್ನೋದೊಂದು ಗುರುತು ಸಿಗುತ್ತೆ. ಮಿಕ್ಕಿದ್ದೆಲ್ಲಾ ನಾನೇ ಸೇರಿಸಿದ್ದು."

ಕಚೇರಿಗೆಲ್ಲ ಗೊತ್ತಿದ್ದ ವಿಷಯ ಅದು. ಆದರೂ ಅವರ ಬಾಯಲ್ಲೇ ಕೇಳಿದಾಗ ನನಗೆ ನಗು ಬರಲಿಲ್ಲ.

ಸೋಮವಾರ ಸಂಜೆ ಬಸವನಗುಡಿಯಲ್ಲಿ ನಿವೃತ್ತ ಪಂಡಿತರೊಬ್ಬರ ಮುಂದೆ ಅಚ್ಚನ್ನು ಹಾಸಿದೆವು. ಅವರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ರಾಜನೂ ಇರಲಿಲ್ಲ, ಆನೆಯೂ ಇರಲಿಲ್ಲ. ಊರ ಗೌಡನ ಹೆಂಡತಿ ಮಾಚವ್ವೆ ಎಂಬವಳು ಈ ಕೆರೆಗೆ ತೂಬು ಕಟ್ಟಿಸಿದಳು. ಅಷ್ಟೆ. ಕೆಳಗಿನ ನಾಲ್ಕು ಸಾಲು ಬಟ್ಟೆಯ ಬಡಿತಕ್ಕೆ ಸವೆದುಹೋಗಿತ್ತು.

ಮಂಗಳವಾರ ನಂಜುಂಡಯ್ಯನವರು ರಜೆ ಅರ್ಜಿ ಬರೆದರು. ಕಾರಣ: ಹುತ್ತದಹಳ್ಳಿಯಲ್ಲಿ ಶಾಸನ ಓದುವುದು. "ಹೊಟ್ಟೆನೋವು ಅಂತ ಬರೀರಿ ಸಾರ್" ಎಂದೆ. "ಸುಳ್ಳು ಹೇಳಿದ್ದು ಸಾಕಾಯ್ತಯ್ಯ" ಎಂದರು. ಸರ್ಕಾರದ ಕೆಲಸಕ್ಕೆ ಸರ್ಕಾರಿ ನೌಕರನೇ ಅಡ್ಡ ನಿಲ್ಲುವುದೆಂದರೆ ಏನೆಂದು ಇಬ್ಬರಿಗೂ ಗೊತ್ತಿತ್ತು. "ನೀನೂ ಬಾ, ಅಚ್ಚು ಹಿಡ್ಕೊಳ್ಳೋಕೆ ಒಬ್ಬರು ಬೇಕು."

"ಜ್ವರ ಬರೋ ಹಾಗಿದೆ ಸಾರ್" ಎಂದುಬಿಟ್ಟೆ.

ಅವರು ನನ್ನ ಹಣೆ ಮುಟ್ಟಿ ನೋಡಿದರು. ಹಣೆ ತಣ್ಣಗಿತ್ತು. "ಹೌದು, ಬೆಚ್ಚಗಿದೆ. ಮಲಕ್ಕೋ" ಎಂದರು. ಬುಧವಾರ ನಾನು ಮಲಗಲಿಲ್ಲ, ಕಚೇರಿಯಲ್ಲಿ ಕೂತು ದಿನವಿಡೀ ಒಂದೇ ಕಾಗದವನ್ನು ನಕಲು ಮಾಡಿದೆ.

ಅಲ್ಲಿ ನಡೆದದ್ದನ್ನು ಮುಂದಿನ ಭಾನುವಾರ ಮುನಿಯಮ್ಮ ಹೇಳಿದಳು. ನಂಜುಂಡಯ್ಯನವರು ಒಬ್ಬರೇ ಬಂದು, ಮೊದಲು ಊರವರಿಗೆ ಕೈಮುಗಿದು, ಇಷ್ಟು ದಿನ ಓದಿದ್ದೆಲ್ಲ ಬರೀ ಸುಳ್ಳು ಎಂದರಂತೆ. ಆಮೇಲೆ ಇದ್ದ ಎರಡೇ ಸಾಲನ್ನು ಸರ್ವೆ ಸಾಹೇಬರ ಮುಂದೆ ಓದಿದರಂತೆ.

"ಸರಿ, ಸವೆದು ಹೋಗಿರೋದ್ರಲ್ಲಿ ಏನಿತ್ರೀ?" ಎಂದು ಸಾಹೇಬರು ಕೇಳಿದರು.

"ಗೊತ್ತಿಲ್ಲ ಸ್ವಾಮಿ. ಸಾಮಾನ್ಯವಾಗಿ ಆ ಜಾಗದಲ್ಲಿ, ಕೆರೆ ಕೆಡಿಸಿದವನಿಗೆ ಶಾಪ ಇರುತ್ತಂತೆ."

"ಏನು ಶಾಪ?"

"ಅದೇ ಸವೆದಿರೋದು."

ಗೊತ್ತಿರುವ ಶಾಪವಾದರೆ ಪುರೋಹಿತರನ್ನು ಕೇಳಿ ಶಾಂತಿ ಮಾಡಿಸಬಹುದು. ಗೊತ್ತಿಲ್ಲದ್ದಕ್ಕೆ ಏನು ಮಾಡುವುದು? ಮನೆಯಲ್ಲಿ ಮಗಳ ಮದುವೆ ಗೊತ್ತಾಗಿದ್ದ ಸಾಹೇಬರು ಏರಿಯಿಂದ ಮೆಲ್ಲಗೆ ಇಳಿದು, "ಮೇಲಿನವರ ಅಭಿಪ್ರಾಯಕ್ಕೆ ಕಳಿಸುವುದು" ಎಂದು ಬರೆದುಕೊಂಡರು. ಸರ್ಕಾರಿ ಕಡತಕ್ಕೆ ಸೈಕಲ್ ಇರುವುದಿಲ್ಲ, ನಡೆದೇ ಹೋಗಬೇಕು. ಅದು ತಿರುಗಿ ಬರುವಷ್ಟರಲ್ಲಿ ಬಡಾವಣೆ ಕೆರೆಯನ್ನು ಬಿಟ್ಟು, ಸುತ್ತು ಹಾಕಿಕೊಂಡು ಆಚೆಗೆ ಹೋಗಿತ್ತು.

ಮುನಿಯಮ್ಮ ಆ ಕಲ್ಲನ್ನು ತೊಳೆಸಿ ಬೇವಿನ ಮರದ ಕೆಳಗೆ ನೆಡಿಸಿದಳು. "ಎಂಗ್ಸು ಬರ್ಸಿದ್ ಕಲ್ಲು ಸ್ವಾಮಿ. ಇಷ್ಟ್ ದಿನ ಅವಳ್ ಎದೆ ಮ್ಯಾಲೇ ಬಟ್ಟೆ ಬಡೀತಿದ್ನಲ್ಲ!" ಎಂದು ಕಣ್ಣೊರೆಸಿಕೊಂಡಳು.

ನಂಜುಂಡಯ್ಯನವರ ಬಡ್ತಿ ಎರಡು ವರ್ಷ ತಡವಾಯಿತು. ಆ ಎರಡು ವರ್ಷ ಅವರು ಬಸವನಗುಡಿಗೆ ಹೋಗಿ ಹಳೆಯ ಲಿಪಿ ಕಲಿತರು. ನನ್ನ ಬಗ್ಗೆ ಒಳ್ಳೆಯ ವರದಿಯನ್ನೇ ಬರೆದರು. ನನ್ನ ಕೆಲಸ ಖಾಯಂ ಆಯಿತು. ಆ ಬುಧವಾರದ ಮಾತನ್ನು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಗೇಟಿನ ಬಳಿ ಇದನ್ನೆಲ್ಲ, ನನ್ನ ಜ್ವರದ ಮಾತೊಂದನ್ನು ಬಿಟ್ಟು, ಹೇಳಿ ಮುಗಿಸುವ ಹೊತ್ತಿಗೆ ಸಿಂಧು ಚಕ್ರ ಜೋಡಿಸಿಯಾಗಿತ್ತು. "ಸೂಪರ್ ಅಂಕಲ್! ಆ ಸಾಹೇಬ್ರ ಮುಂದೆ ಓದ್ದಾಗ ನೀವೂ ಪಕ್ಕದಲ್ಲೇ ಇದ್ರಾ?"

ಮದುವೆ ಮನೆಗಳಲ್ಲಿ, ನಿವೃತ್ತರ ಕಟ್ಟೆಯಲ್ಲಿ, ನನ್ನ ಮೊಮ್ಮಕ್ಕಳ ಮುಂದೆ ಈ ಕಥೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಪ್ರತಿ ಸಲವೂ ಅಚ್ಚು ಹಿಡಿದು ನಿಂತವನು ನಾನೇ.

"ಇಲ್ಲಮ್ಮ" ಎಂದೆ. "ಅವರು ಕರೆದರು. ನಾನು ಹೋಗಲಿಲ್ಲ."