ಸುಣ್ಣದ ಗೆರೆಯೊಳಗೆ ಮಲಗಿದ ಸೊಸೆ

ನಿಮ್ಮಲ್ಲಿ ಯಾರಾದರೂ ರೇಷ್ಮೆ ಹುಳಕ್ಕೆ ಮನೆ ಬಿಟ್ಟುಕೊಟ್ಟು ಜಗಲಿಯಲ್ಲಿ ಮಲಗಿದ್ದೀರಾ? ಮಲಗಿದ್ದರೆ ನಾನು ಹೇಳುವುದು ಬೇಗ ಅರ್ಥವಾಗುತ್ತದೆ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಆರ್ಕಿಟೆಕ್ಚರ್ ಓದು ಮುಗಿಸಿದ್ದೆ. ಬಂಗಲೆ ಕಟ್ಟುವುದಿಲ್ಲ, ಬಡವರಿಗೆ ಮನೆ ಕಟ್ಟಿಕೊಡುತ್ತೇನೆ ಅಂತ ಒಂದು ಸಣ್ಣ ಸಂಸ್ಥೆ ಸೇರಿ, ಸ್ಕೂಟರಿನಲ್ಲಿ ಕೈಲಾಂಚದ ಕಡೆಯ ಹಳ್ಳಿಗಳನ್ನು ಸುತ್ತುತ್ತಿದ್ದೆ. ಅಲ್ಲೊಂದು ಮನೆ. ಹುಳ ದಪ್ಪಗಾದರೆ ನಡುಮನೆ, ಕೋಣೆ ಎಲ್ಲ ಹುಳದ ತಟ್ಟೆಗೆ, ಜನ ಜಗಲಿಗೆ. ಚಿಕ್ಕ ಸೊಸೆಗೆ ಉಬ್ಬಸ. ಚಳಿಗಾಲದಲ್ಲಿ ಹೊರಗೆ ಮಲಗಿದರೆ ಕೂತೇ ಬೆಳಗು ಮಾಡಬೇಕು.

"ಮುಂದಿನ್ ಜನ್ಮದಲ್ಲಿ ಹುಳ ಆಗಿ ಹುಟ್ತೀನಿ ಕಣಕ್ಕ. ಒಳಗೆ ಬೆಚ್ಚಗೆ ಬಿದ್ಕೊಂಡಿರ್ಬೋದು, ನಮ್ಮತ್ತೇನೆ ಸೊಪ್ಪು ತಂದಾಕ್ತಾರೆ" ಅಂದಳು.

ಅತ್ತೆ ಬಿಡುತ್ತಾರಾ? "ಹುಟ್ಟವ್ವ, ಹುಟ್ಟು. ಬಿಸ್ನೀರಿಗಾಕಿ ನೂಲ್ ತೆಗುಸ್ತೀನಿ."

ಅವಳಿಗೊಂದು ಬೇರೆ ರೂಮು ಕಟ್ಟುವುದು ಅಂತಾಯಿತು, ಮನೆಗೆ ತಾಗಿದ್ದ ಹಿಪ್ಪುನೇರಳೆ ಸೊಪ್ಪಿನ ತೋಟದ ಮೂಲೆಯಲ್ಲಿ. ಮಣ್ಣಿನ ಇಟ್ಟಿಗೆ, ನಾಡಹೆಂಚು. ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ತೋರಿಸಿದೆ. ಅವಳು ನೋಡುತ್ತ ನಿಲ್ಲಲಿಲ್ಲ. ಗೆರೆಯೊಳಗೆ ಹೋಗಿ ಮಣ್ಣಿನ ಮೇಲೇ ಕೈಕಾಲು ಚಾಚಿ ಮಲಗಿಬಿಟ್ಟಳು.

"ಏಳೇ ಮಾರಾಯ್ತಿ, ಇನ್ನೂ ಗೋಡೆನೇ ಎದ್ದಿಲ್ಲ, ಆಗ್ಲೇ ನಿದ್ದೆ ಬಂದ್ಬುಡ್ತಾ?" ಅಂತ ಅತ್ತೆ.

"ಇಷ್ಟ್ ಜಾಗ ಸಾಕು ಕಣಕ್ಕ" ಅಂದಳು ನನಗೆ, ಮಲಗಿಕೊಂಡೇ.

ಇಟ್ಟಿಗೆ ಒಣಗುತ್ತಿರುವಾಗಲೇ ಸುದ್ದಿ ಬಂತು: ಆ ಜಮೀನೆಲ್ಲ ಕೈಗಾರಿಕೆಗೆ ಹೋಗುತ್ತದೆ. ಮಾವ ಕೆಲಸ ನಿಲ್ಲಿಸಿದರು. "ಓಯ್ತದೆ ಅನ್ನೋ ಜಾಗದಲ್ಲಿ ಯಾರವ್ವ ಗೋಡೆ ಎತ್ತಾರು?" ಅವರದು ತಪ್ಪೆನ್ನಲಾರೆ. ಇಟ್ಟಿಗೆ ಮಳೆಗೆ ಕರಗಿತು. ಆಮೇಲೆ ಮನೆ, ತೋಟ ಎರಡೂ ಹೋದವು, ಅಣ್ಣತಮ್ಮಂದಿರು ಪಾಲಾದರು. ಅವಳ ಗಂಡನಿಗೆ ಫ್ಯಾಕ್ಟರಿಯೊಂದರಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತು. ಹತ್ತಿರದಲ್ಲೇ ಬಾಡಿಗೆ ರೂಮು.

ನೋಡಲು ಹೋದೆ. ಸಾಲಾಗಿ ಶೀಟು ಹೊದಿಸಿದ ರೂಮುಗಳು. ಒಂದು ಬಾಗಿಲು, ಅಷ್ಟೇ. ಅವಳು ಹೊಸ್ತಿಲಲ್ಲಿ ಕೂತು ಉಸಿರೆಳೆಯುತ್ತಿದ್ದಳು.

"ಅಕ್ಕ, ಇಲ್ಲೊಂದ್ ಕಿಟ್ಕಿ ಹಾಕ್ಸಕ್ಕಾಯ್ತದಾ? ನೀವೇ ಒಸಿ ಓನರ್‌ಗೆ ಹೇಳಿ."

ಹೇಳಿದೆ. ಖರ್ಚು ನಮ್ಮದೇ ಅಂದೆ. ಓನರ್ ನಕ್ಕ. "ಕಿಟ್ಕಿ ಬೇಕಂದ್ರೆ ಬೇರೆ ಕಡೆ ನೋಡ್ಕೊಳಕ್ಕೇಳಿ ಮೇಡಂ. ಈ ರೂಮಿಗೆ ಕ್ಯೂ ನಿಂತವ್ರೆ ಜನ."

ವಾಪಸ್ ಬಂದು ಹೇಳಿದೆ. "ಓಗ್ಲಿ ಬುಡಿ. ಕಾಪಿ ಕಾಯಿಸ್ತೀನಿ" ಅಂತ ಎದ್ದಳು. ಬೇಡ ಅಂದೆ. ಸ್ಟೌ ಹಚ್ಚಿದರೆ ಹೊಗೆ ಅಲ್ಲೇ ಸುತ್ತುತ್ತದೆ. ನಮ್ಮನೇಲಿ ಕುಡಿಯೋದಿಲ್ಲವಾ ಅಂತ ಅವಳ ಮುಖ ಸಣ್ಣದಾಯಿತು.

ಆ ಚಳಿಗಾಲವನ್ನು ಅವಳು ದಾಟಲಿಲ್ಲ.

ಈಗಲೂ ಇದೇ ಕೆಲಸ ನನ್ನದು. ಹುಡುಗರು ಬಂದು, ಮೇಡಂ, ನಾವೂ ಜನರಿಗಾಗಿ ಕಟ್ಟುತ್ತೇವೆ ಅನ್ನುತ್ತಾರೆ. ಬನ್ನಿ ಅನ್ನುತ್ತೇನೆ. ಜೊತೆಗೆ ಇವಳ ಕತೆಯನ್ನೂ ಹೇಳುತ್ತೇನೆ.

ಜಮೀನು ಹೋದ ಮೇಲೆ ಅಂಥ ರೂಮು ಸೇರಿದವರು ನಿಮ್ಮ ಮನೆಯಲ್ಲೂ ಇರಬಹುದು. ಅಲ್ಲಿ ಹೇಗೆ ಮಲಗುತ್ತಿದ್ದರು, ಗಾಳಿಗೆ ಏನು ಮಾಡುತ್ತಿದ್ದರು? ಕೆಳಗೆ ಬರೆಯಿರಿ. ಉದ್ದವಾದರೂ ಪರವಾಗಿಲ್ಲ, ಪೂರ್ತಿ ಓದುತ್ತೇನೆ.