ಯಾವ ಬಸ್ಸಿಗೆ ಬರ್ತೀರಿ?

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ಅಂಗಳದಲ್ಲಿ ಮಂಜು ಇನ್ನೂ ಕರಗಿಲ್ಲ. ಆಂಬುಲೆನ್ಸ್ ನಿಲ್ಲುವ ಜಾಗ, ಚೀಟಿ ಕೊಡುವ ಕಿಟಕಿ, ಗೇಟಿನ ಪಕ್ಕದ ಸಂಪಿಗೆ ಮರ ಎಲ್ಲವೂ ಇದ್ದೂ ಇಲ್ಲದ ಹಾಗೆ ತೇಲುತ್ತಿವೆ. ಪೋರ್ಟಿಕೋದ ಸಿಮೆಂಟು ಬೆಂಚಿನಲ್ಲಿ ನೀಲಾವತಿ ಕೂತಿದ್ದಾರೆ. ಮಡಿಲಲ್ಲಿ ಉದ್ದನೆಯ ನೋಟ್‌ಬುಕ್ಕು, ಕಿವಿಯ ಹಿಂದೆ ಪೆನ್ನು, ಕೈಯಲ್ಲಿ ಗುಂಡಿ ಒತ್ತುವ ಹಳೆಯ ಮೊಬೈಲು.

"ಹಲೋ, ಶಿರ್ತಾಡಿಯಾ? ಎದ್ದಿರಾ? ತಲೆಗೆ ಸ್ನಾನ ಮಾಡಿ, ನಾಳೆಯಿಂದ ಹತ್ತು ದಿನ ನೀರು ಸೋಕಿಸ್ಲಿಕ್ಕಿಲ್ಲ. ಆಯ್ತು, ಯಾವ ಬಸ್ಸಿಗೆ ಬರ್ತೀರಿ?"

ಆ ಕಡೆಯವರು ಬಸ್ಸಿನ ಹೆಸರು ಹೇಳುತ್ತಾರೆ. ನೀಲಾವತಿ ಅದನ್ನು ನೋಟ್‌ಬುಕ್ಕಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದುಕೊಂಡು ಮುಂದಿನ ನಂಬರ್ ಒತ್ತುತ್ತಾರೆ. ಇವತ್ತು ಗುರುವಾರ. ಕಣ್ಣಿನ ಪೊರೆ ತೆಗೆಯುವ ದಿನ. ಹನ್ನೆರಡು ಮಂಚ, ಹನ್ನೆರಡು ಹೆಸರು, ಹನ್ನೆರಡು ಬಸ್ಸು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ಕಡೆಗೂ ಹಂಚಿಹೋಗಿರುವ ಒಬ್ಬರೇ ಕಣ್ಣಿನ ಡಾಕ್ಟರು ಈ ಆಸ್ಪತ್ರೆಗೆ ಬರುವುದು ವಾರಕ್ಕೊಂದೇ ದಿನ. ಆಸ್ಪತ್ರೆ ಯಾವುದೆಂದು ಇಲ್ಲಿ ಬರೆಯುವಂತಿಲ್ಲ. ಅದು ನೀಲಾವತಿ ಹಾಕಿದ ಷರತ್ತು. "ಹೆಸರು ಹಾಕಿದ್ರೆ ಓದಿದವರೆಲ್ಲ ಇಲ್ಲಿಗೇ ಬರ್ತಾರೆ. ಈಗಲೇ ಪಟ್ಟಿಯಲ್ಲಿ ನೂರ ಎಂಬತ್ತಾರು ಜನ ಉಂಟು ಮಾರಾಯ್ರೆ. ಇನ್ನೂ ಉದ್ದ ಮಾಡುದು ಬೇಡ" ಎನ್ನುತ್ತಾರೆ. ಈ ಪಟ್ಟಿಯ ಬಾಲದಲ್ಲಿ ಸೇರಿದವರಿಗೆ ಸರದಿ ಬರಲು ನಾಲ್ಕು ತಿಂಗಳು ಬೇಕು.

ಆ ನಾಲ್ಕು ತಿಂಗಳನ್ನು ಕಾಯುವವರ ಜೊತೆ ತಾನೂ ಕಾಯುವುದು ಐವತ್ತನಾಲ್ಕು ವರ್ಷದ ನೀಲಾವತಿಯ ಕೆಲಸ. ಹಾಗೆಂದು ಅಂಥದ್ದೊಂದು ಹುದ್ದೆ ಸರಕಾರದ ಯಾವ ಕಡತದಲ್ಲೂ ಇಲ್ಲ. ಹದಿನಾರು ವರ್ಷಗಳ ಹಿಂದೆ ಗುತ್ತಿಗೆಯ ಮೇಲೆ ವಾರ್ಡು ಗುಡಿಸಲು ಬಂದವರು, ಹಾಜರಿ ಪುಸ್ತಕದಲ್ಲಿ ಇವತ್ತಿಗೂ ಸ್ವಚ್ಛತಾ ಸಿಬ್ಬಂದಿಯೇ. ಪಟ್ಟಿ ನೋಡುತ್ತಿದ್ದ ಗುಮಾಸ್ತರು ವರ್ಗವಾಗಿ ಹೋದರು, ಅವರ ಜಾಗಕ್ಕೆ ಯಾರೂ ಬರಲಿಲ್ಲ. ಐದು ನರ್ಸುಗಳಿರಬೇಕಾದಲ್ಲಿ ಮೂವರಿದ್ದಾರೆ. ಖಾಲಿ ಕುರ್ಚಿಗೆ ಯಾರನ್ನಾದರೂ ಕೂರಿಸಬೇಕಿತ್ತು, ಓದು ಬರಹ ಚೆನ್ನಾಗಿದ್ದ ನೀಲಾವತಿ ಕೈಗೆ ಸಿಕ್ಕಿದರು. "ಎರಡು ವಾರ ನೋಡ್ಕೊಳ್ಳಿ" ಎಂದಿದ್ದರಂತೆ. ಆ ಎರಡು ವಾರಕ್ಕೆ ಈಗ ಎರಡು ವರ್ಷ. ಸಂಜೆ ಹೋಗುವ ಮೊದಲು ವಾರ್ಡನ್ನೂ ಅವರೇ ಗುಡಿಸುತ್ತಾರೆ.

ಮೊದಲ ಗುರುವಾರದ ಕತೆಯನ್ನು ಅವರು ಈಗಲೂ ನಾಚಿಕೊಂಡೇ ಹೇಳುವುದು. ಹನ್ನೆರಡು ಮಂದಿಗೆ ಫೋನು ಮಾಡಿದರು. ಆಫೀಸಿನ ಕನ್ನಡದಲ್ಲಿ, ಒಂದೊಂದೇ ಅಕ್ಷರ ಬಿಡಿಸಿ, ಗುರುವಾರ ಬೆಳಿಗ್ಗೆ ಬರಬೇಕೆಂದರು. ಹನ್ನೆರಡು ಮಂದಿಯೂ "ಆಯ್ತಕ್ಕ, ಬರ್ತೇನೆ" ಎಂದರು. ಹನ್ನೆರಡು ಹೆಸರಿಗೂ ಗುರುತು ಹಾಕಿ ಹಾಯಾಗಿ ಮನೆಗೆ ಹೋದರು. ಗುರುವಾರ ಬಂದವರು ಐದು ಜನ.

"ನನಗೆ ಅಳುವೇ ಬಂತು. ಪುತ್ತಿಗೆಯ ಶಂಕರಿ ಅಮ್ಮನಿಗಂತೂ ಅಲ್ಲಿಂದ ಮೂರು ವಾರ ಫೋನು ಮಾಡಿದೆ. ಮೂರು ಸಲವೂ ಬರ್ತೇನೆ ಅಂದಿದ್ರು. ಬಸ್ಸು ಹತ್ತಿ ಅವರ ಮನೆಗೇ ಹೋಗಿ ಕೇಳಿದೆ, ಬರ್ತೇನೆ ಅಂದವರು ಯಾಕೆ ಬರ್ಲಿಲ್ಲ ಅಂತ. ಅವರು ಆಶ್ಚರ್ಯದಲ್ಲಿ ನನ್ನನ್ನೇ ಕೇಳಿದ್ರು, ಅದು ನಾನು ಫೋನು ಇಡ್ಲಿಕ್ಕೆ ಹೇಳಿದ್ದಲ್ವಾ ಮಗಾ ಅಂತ!"

ಇಲ್ಲಿ ಯಾರೂ ಯಾರ ಮನೆಯಿಂದಲೂ 'ಹೋಗ್ತೇನೆ' ಎಂದು ಎದ್ದು ಹೋಗುವುದಿಲ್ಲ. ತುಳುವಿನಲ್ಲಿ 'ಬರ್ಪೆ', ಕನ್ನಡದಲ್ಲಿ 'ಬರ್ತೇನೆ'. ಹೊರಡುವವರ ಬಾಯಲ್ಲಿ ಬರುವ ಮಾತು ಅದು. ಫೋನು ಬಂದ ಮೇಲೆ ಅದು ಫೋನಿಗೂ ಅಂಟಿಕೊಂಡಿತು. ನೀಲಾವತಿಯೇ ದಿನಕ್ಕೆ ಹತ್ತು ಸಲ ಹಾಗೆ ಹೇಳುವವರು. "ಕುರ್ಚಿಯಲ್ಲಿ ಕೂತ ಕೂಡಲೇ ನನಗೆ ನನ್ನ ಮಾತೇ ಮರೆತುಹೋಯ್ತು ನೋಡಿ" ಎಂದು ತಲೆ ಚಚ್ಚಿಕೊಳ್ಳುತ್ತಾರೆ. ಶಂಕರಿ ಅಮ್ಮನಿಗೆ ಅಷ್ಟರಲ್ಲಿ ಬೆಳಕು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮುಂದಿನ ಗುರುವಾರ ನೀಲಾವತಿಯೇ ಕೈ ಹಿಡಿದು ಕರೆತಂದರು.

ಅಂದಿನಿಂದ ಅವರು 'ಬರ್ತೇನೆ'ಯನ್ನು ನಂಬುವುದಿಲ್ಲ. ಯಾವ ಬಸ್ಸಿಗೆ ಎಂದು ಕೇಳುತ್ತಾರೆ. ಬಸ್ಸಿನ ಹೆಸರು ಬಾಯಿಗೆ ಬಂತೆಂದರೆ ಆ ಮನುಷ್ಯ ಮನಸ್ಸಿನಲ್ಲಿ ಆಗಲೇ ಹೊರಟಿದ್ದಾನೆ ಎಂದು ಲೆಕ್ಕ. ಹೆಸರು ತಡವರಿಸಿದರೆ ಏನೋ ತೊಡಕಿದೆ. ಜೊತೆಗೆ ಬರುವವರಿಲ್ಲ, ಮನೆಯಲ್ಲಿ ಮದುವೆ, ಇಲ್ಲವೇ ಬರೀ ಹೆದರಿಕೆ. ಹೆದರಿದವರ ಜೊತೆ ಅರ್ಧ ಗಂಟೆ ಮಾತಾಡುತ್ತಾರೆ. ನೋಟ್‌ಬುಕ್ಕಿನಲ್ಲಿ ಬಸ್ಸಿನ ಪಕ್ಕ ಇನ್ನೊಂದು ಕಾಲಂ ಕೂಡ ಇದೆ, 'ಏನು ಕಾಣ್ತದೆ'. ಡಾಕ್ಟರು ಕೇಳಿದ್ದಲ್ಲ, ಇವರದೇ ಕುತೂಹಲ. ಶಂಕರಿ ಅಮ್ಮ ಬರೆಸಿದ್ದು, ದೀಪಗಳೆಲ್ಲ ಕೊಡೆ ಹಿಡಿದುಕೊಂಡಿವೆ ಎಂದು. ಆಸ್ಪತ್ರೆಯ ಹಿಂದಿನ ಓಣಿಯ ರುಕ್ಮಯ್ಯನವರಿಗೆ ಹುಣ್ಣಿಮೆಗೆ ಮೂರು ಚಂದ್ರ. ಒಬ್ಬರಿಗೆ ತೀರಿಹೋದ ಹೆಂಡತಿ ದಿನಾ ಸಂಜೆ ಬಾಗಿಲಲ್ಲಿ ನಿಂತಂತೆ ಕಾಣುತ್ತದಂತೆ, ಹತ್ತಿರ ಹೋದರೆ ಒಣಗಲು ಹಾಕಿದ ಸೀರೆ. "ಅವರು ಆಪರೇಷನ್ ಬೇಡವೇ ಬೇಡ ಅಂತಿದ್ರು. ನಾನು ಒತ್ತಾಯ ಮಾಡ್ಲಿಲ್ಲ. ಒಂದು ವರ್ಷ ಬಿಟ್ಟು ಅವರೇ ಬಂದ್ರು" ಎಂದು ನೀಲಾವತಿ ಮಂಜಿನ ಕಡೆ ನೋಡುತ್ತಾರೆ.

ಈ ಗುರುವಾರ ಮಾತ್ರ ಅವರಿಗೆ ಹೀಗೆ ಕನಸು ಕಾಣುತ್ತ ಕೂರಲು ಪುರಸೊತ್ತಿಲ್ಲ. ಮೇಲಿನಿಂದ ಒಂದು ಪತ್ರ ಬಂದಿದೆ. ತಿಂಗಳಲ್ಲಿ ಎರಡು ಸಲ ಹತ್ತಕ್ಕಿಂತ ಕಡಿಮೆ ಆಪರೇಷನ್ ಆದರೆ ಡಾಕ್ಟರ ಈ ದಿನವನ್ನು ಬೇರೆ ಆಸ್ಪತ್ರೆಗೆ ಕೊಡಲಾಗುವುದು. ಹೋದ ವಾರ ಊರಲ್ಲಿ ಮೂರು ಮದುವೆ, ಆದ ಆಪರೇಷನ್ ಒಂಬತ್ತೇ. ಇವತ್ತು ಹತ್ತು ಮುಟ್ಟದಿದ್ದರೆ ಗುರುವಾರವೇ ಕೈಬಿಟ್ಟು ಹೋಗುತ್ತದೆ. ನೂರ ಎಂಬತ್ತಾರು ಜನ ಎರಡೆರಡು ಬಸ್ಸು ಬದಲಿಸಿ, ಇನ್ನೊಂದು ಆಸ್ಪತ್ರೆಯ ಪಟ್ಟಿಯ ಬಾಲದಲ್ಲಿ ನಿಲ್ಲಬೇಕು. ಖಾಲಿ ಮಂಚ ಎಣಿಸುವವರಿಗೆ ಬಸ್ಸು ಎಣಿಸುವ ಕಷ್ಟ ಎಲ್ಲಿ ಗೊತ್ತಾಗಬೇಕು!

ಏಳು ಗಂಟೆಯ ಹೊತ್ತಿಗೆ ಮಂಜಿನೊಳಗಿಂದ ಒಬ್ಬೊಬ್ಬರೇ ಮೂಡಿ ಬರುತ್ತಾರೆ. ಮೊದಲು ಊರುಗೋಲು, ಆಮೇಲೆ ಕೈಚೀಲ, ಆಮೇಲೆ ಮುಖ. ಒಬ್ಬರಿಗೆ ಜ್ವರವೆಂದು ಫೋನು ಬರುತ್ತದೆ. ನೀಲಾವತಿ ಕೂಡಲೇ ರುಕ್ಮಯ್ಯನವರಿಗೆ ಹೇಳಿಕಳಿಸುತ್ತಾರೆ. ಯಾರಾದರೂ ತಪ್ಪಿದರೆ ನಡೆದೇ ಬರುತ್ತೇನೆಂದು ಒಪ್ಪಿ, ಪರೀಕ್ಷೆಗಳನ್ನೆಲ್ಲ ಮುಗಿಸಿಕೊಂಡಿದ್ದವರು ಅವರೊಬ್ಬರೇ. ಬಿಳಿ ಪಂಚೆ ಉಟ್ಟು, ಮದುಮಗನ ಹಾಗೆ ಬರುತ್ತಾರೆ. ಎಂಟಕ್ಕೆ ನರ್ಸು ಎಲ್ಲರನ್ನೂ ನೋಡಿ ಇಬ್ಬರನ್ನು ವಾಪಸು ಕಳಿಸುತ್ತಾರೆ. ಒಬ್ಬರಿಗೆ ಸಕ್ಕರೆ ಮುನ್ನೂರು, ಇನ್ನೊಬ್ಬರಿಗೆ ಬಿಪಿ. ಈಗ ಕೈಯಲ್ಲಿ ಉಳಿದದ್ದು ಒಂಬತ್ತು. ಹತ್ತನೆಯವರು ಮಾಣಿ ಊರಿನ ಅಬ್ದುಲ್ಲ, ಅರವತ್ತೆಂಟು ವರ್ಷ. ಅವರು ಹೇಳಿದ ಬಸ್ಸು ಬಂದು ಹೋಗಿ ಅರ್ಧ ಗಂಟೆ ಆಗಿದೆ.

ಅಬ್ದುಲ್ಲರ ಮಗಳು ಮಿಸ್ರಿಯಾ ಇದೇ ಪೇಟೆಯಲ್ಲಿ ಇರುವವರು, ಏಳಕ್ಕೇ ಬಂದು ಬಾಗಿಲಲ್ಲಿ ನಿಂತಿದ್ದಾರೆ. "ಫೋನು ಮನೆಯಲ್ಲೇ ಬಿಟ್ಟು ಹೊರಟಿದ್ದಾರೆ ಅಕ್ಕ. ಉಪ್ಪ ಆರು ಗಂಟೆಗೇ ಸ್ಟಾಪಿಗೆ ಹೋಗಿದ್ದಾರಂತೆ" ಎನ್ನುತ್ತ ರಸ್ತೆಯ ಕಡೆಗೇ ನೋಡುತ್ತಾರೆ.

ಒಂಬತ್ತಕ್ಕೆ ಆಫೀಸಿನ ದೇವಿಪ್ರಸಾದ್ ಹೊರಗೆ ಬರುತ್ತಾರೆ. ಒಳ್ಳೆಯವರೇ, ಗುರುವಾರ ಉಳಿಯಬೇಕೆಂಬ ಆಸೆ ಅವರಿಗೂ ಇದೆ.

"ನೀಲಕ್ಕ, ಬಂದವರು ಎಷ್ಟು ಅಂತ ಈಗ ಮೇಲೆ ಹೇಳ್ಬೇಕು. ಹತ್ತು ಅಂತ ಹಾಕುವ. ಯಾರು ಬಂದು ಎಣಿಸ್ತಾರೆ?"

"ಬೇಡ ಸರ್. ಬಾರದವರನ್ನು ಬಂದರು ಅಂತ ನಾನು ಒಮ್ಮೆ ಬರೆದಾಗಿದೆ. ಒಂಬತ್ತು ಅಂತಲೇ ಹೇಳಿ."

"ದಿನ ಹೋದ್ರೆ?"

ನೀಲಾವತಿ ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡಿದ್ದಾರೆ. ದೇವಿಪ್ರಸಾದ್ ಒಳಗೆ ಹೋಗಿ ಒಂಬತ್ತು ಎಂದೇ ಹೇಳುತ್ತಾರೆ. ಕಣ್ಣಿನ ಡಾಕ್ಟರ್ ಶುಭಶ್ರೀ ಆಪರೇಷನ್ ಕೋಣೆಗೆ ಹೋಗುವ ಮೊದಲು ಬಾಗಿಲಿನಿಂದ ಇಣುಕುತ್ತಾರೆ. "ಕಣ್ಣಿಗೆ ಹನಿ ಬಿಟ್ಟು ಒಂದು ಗಂಟೆ ಬೇಕಲ್ಲ ನೀಲಾವತಿಯವರೇ. ಹತ್ತರವರೆಗೆ ಕಾಯುವ. ಆಮೇಲೆ ನನ್ನ ಕೈಯಲ್ಲಿ ಇಲ್ಲ."

ನೀಲಾವತಿ ಗೇಟಿಗೆ ಹೋಗಿ ನಿಲ್ಲುತ್ತಾರೆ. ಮಂಜು ಹರಿದು ರಸ್ತೆ ಅಲ್ಲಲ್ಲಿ ಕಾಣುತ್ತಿದೆ. ಒಂದು ಬಸ್ಸು ನಿಂತು ಹೋಗುತ್ತದೆ, ಇಬ್ಬರು ಶಾಲೆಯ ಟೀಚರುಗಳು ಇಳಿಯುತ್ತಾರೆ. ಇನ್ನೊಂದು ನಿಲ್ಲುವುದೇ ಇಲ್ಲ. ಹತ್ತಕ್ಕೆ ಎಂಟು ನಿಮಿಷ ಇರುವಾಗ ಮೂರನೆಯದರಿಂದ ಕಂಡಕ್ಟರನ ತೋಳು ಹಿಡಿದು ಬಿಳಿ ಟೊಪ್ಪಿಯ ಮುದುಕರೊಬ್ಬರು ಇಳಿಯುತ್ತಾರೆ. ಮಿಸ್ರಿಯಾ ಓಡುತ್ತಾರೆ.

"ಎಲ್ಲಿಗೆ ಹೋಗಿದ್ರಿ ಅಬ್ದುಲ್ಲ ಕಾಕ? ನೀವು ಹೇಳಿದ ಬಸ್ಸು ಬಂದು ಹೋಯ್ತಲ್ಲ!"

"ನಾನು ಎಲ್ಲಿಗೂ ಹೋಗ್ಲಿಲ್ಲ ಅಕ್ಕ, ಅಲ್ಲೇ ನಿಂತಿದ್ದೆ. ಬಸ್ಸು ಕೂಗ್ಲೇ ಇಲ್ಲ. ಮೂರು ವರ್ಷದಿಂದ ನಾನು ಹಾರ್ನು ಕೇಳಿಯೇ ಹತ್ತುದು. ಪೊಲೀಸರು ಆ ದೊಡ್ಡ ಹಾರ್ನನ್ನು ತೆಗೆಸಿದ್ದಾರಂತೆ. ನನ್ನ ಎದುರಿಂದಲೇ ಹೋಗಿದೆ. ಕಡೆಗೆ ಒಬ್ಬರು ಹೇಳಿದ್ರು, ಕಾಕ, ನಿಮ್ಮ ಬಸ್ಸು ಆಗಲೇ ಹೋಯ್ತು ಅಂತ."

ನೀಲಾವತಿ ಅವರ ಮುಖವನ್ನೇ ನೋಡುತ್ತ ನಿಲ್ಲುತ್ತಾರೆ. ಎರಡು ವರ್ಷದಿಂದ ಬಸ್ಸಿನ ಬೋರ್ಡು ಓದಲಾಗದವರನ್ನೇ ಹುಡುಕಿ ಹುಡುಕಿ ಯಾವ ಬಸ್ಸೆಂದು ಕೇಳುತ್ತ ಬಂದಿದ್ದಾರೆ. ಅಷ್ಟೂ ಜನ ಹಾರ್ನು, ಕಂಡಕ್ಟರನ ಕೂಗು, ಪಕ್ಕದವರ ದಯೆ ಇವುಗಳನ್ನೇ ನೆಚ್ಚಿಕೊಂಡು ಬಂದು ಮುಟ್ಟಿದ್ದರು. ತನ್ನ ಜಾಣತನಕ್ಕೆ ನಗು ಬರುತ್ತದೆ, ಜೊತೆಗೆ ಕಣ್ಣೀರೂ. ಅಬ್ದುಲ್ಲರನ್ನು ಒಳಗೆ ಕೂರಿಸಿ, ನರ್ಸು ಮೊದಲ ಹನಿ ಬಿಟ್ಟ ಮೇಲೆ, ನೋಟ್‌ಬುಕ್ಕಿನಲ್ಲಿ ಸ್ಕೇಲಿಟ್ಟು ಹೊಸದೊಂದು ಗೆರೆ ಎಳೆಯುತ್ತಾರೆ. ಹೊಸ ಕಾಲಮ್ಮಿನ ತಲೆಬರಹ 'ಬಸ್ಸಿಗೆ ಹತ್ತಿಸುವವರು ಯಾರು?'

ಮಧ್ಯಾಹ್ನ ಎರಡೂವರೆಗೆ ಕೊನೆಯ ಆಪರೇಷನ್ ಮುಗಿಯುತ್ತದೆ. ಸಂಜೆಯ ವರದಿಯಲ್ಲಿ ಹತ್ತು. ದೇವಿಪ್ರಸಾದ್ ಆ ಸಂಖ್ಯೆಯನ್ನು ಬೇಕೆಂದೇ ಎರಡು ಸಲ, ಕಾರಿಡಾರಿಗೆಲ್ಲ ಕೇಳುವ ಹಾಗೆ ಫೋನಿನಲ್ಲಿ ಹೇಳುತ್ತಾರೆ. ಗುರುವಾರ ಸದ್ಯಕ್ಕೆ ಉಳಿಯಿತು. ಮುಂದಿನ ತಿಂಗಳು ಮತ್ತೆ ಇದೇ ಪಾಡು, ಅದು ಎಲ್ಲರಿಗೂ ಗೊತ್ತು.

ಒಂದು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಸಿಕೊಂಡ ಅಬ್ದುಲ್ಲ ಮಗಳ ಮನೆಗೆ ಹೊರಡುತ್ತಾರೆ. "ಬರ್ತೇನೆ ಅಕ್ಕ" ಎನ್ನುತ್ತಾರೆ.

"ಹಾಗೆ ಹೇಳಿದ್ರೆ ಆಗ್ಲಿಕ್ಕಿಲ್ಲ. ನಾಳೆ ಪಟ್ಟಿ ಬಿಚ್ಚಲಿಕ್ಕೆ ಉಂಟು. ಮಿಸ್ರಿಯಾ ಕರ್ಕೊಂಡು ಬರ್ತಾರೆ. ಮಾಣಿಗೆ ವಾಪಸು ಹೋಗುದು ಯಾವ ಬಸ್ಸಿಗೆ?"

"ಅದನ್ನು ನಾಳೆ ಬೋರ್ಡು ಓದಿ ಹೇಳ್ತೇನೆ" ಎಂದು ಅಬ್ದುಲ್ಲ ನಗುತ್ತಾರೆ.

ವಾರ್ಡು ಗುಡಿಸಿ ಮುಗಿಸಿದ ನೀಲಾವತಿ ಮತ್ತೆ ಅದೇ ಬೆಂಚಿಗೆ ಬರುತ್ತಾರೆ. ಗಂಡ ಶಂಭು ತಮ್ಮ ಟೈಲರ್ ಅಂಗಡಿ ಮುಚ್ಚಿ ಕರೆದೊಯ್ಯಲು ಬರುವುದಕ್ಕೆ ಇನ್ನೂ ಹೊತ್ತಿದೆ. ಮುಂದಿನ ವಾರದ ಹೆಸರುಗಳನ್ನು ಬರೆಯುವಾಗ ಪುಸ್ತಕವನ್ನು ಎಡಗಡೆಯಿಂದ ಬಲಗಣ್ಣಿನ ಹತ್ತಿರಕ್ಕೆ ಸರಿಸುತ್ತಾರೆ. ಅಕ್ಷರಗಳು ಯಾಕೆ ಇಷ್ಟು ದಪ್ಪ ಎಂದು ಕೇಳಿದರೆ ಸುಮ್ಮನೆ ಪುಟ ತಿರುವಿ ತೋರಿಸುತ್ತಾರೆ. ನಂಬರ್ ತೊಂಬತ್ತೇಳು, ನೀಲಾವತಿ, ಎಡಗಣ್ಣು. ಏನು ಕಾಣ್ತದೆ ಎಂಬಲ್ಲಿ ಅವರದೇ ಕೈಬರಹ, 'ದಿನವಿಡೀ ಬೆಳಗಿನ ಮಂಜು'. ಪಟ್ಟಿ ಅವರ ಕೈಯಲ್ಲೇ ಇದೆ. ತೊಂಬತ್ತೇಳನ್ನು ಒಂಬತ್ತು ಮಾಡಲು ಏಳರ ಮೇಲೆ ಒಂದು ಗೀಟು ಸಾಕು. ಡಾಕ್ಟರು ಎರಡು ಸಲ ಹೇಳಿದರೂ ಅವರು ಆ ಗೀಟು ಹಾಕಿಲ್ಲ.

"ಬರ್ತದೆ, ಇನ್ನು ಎರಡು ತಿಂಗಳಲ್ಲಿ ನನ್ನದೂ ಬರ್ತದೆ. ಆಸೆ ಅಂತ ಇರುದು ಒಂದೇ. ನಾನು ಮಂಚದಲ್ಲಿ ಮಲಗುವ ವಾರ ಈ ಬುಕ್ಕು ಹಿಡೀಲಿಕ್ಕೆ ಇನ್ನೊಬ್ಬರು ಬೇಕು. ಬೆಳಿಗ್ಗೆ ಅವರು ನನಗೆ ಫೋನು ಮಾಡಿ ಕೇಳ್ಬೇಕು, ನೀಲಾವತಿಯವರೇ, ಯಾವ ಬಸ್ಸಿಗೆ ಬರ್ತೀರಿ ಅಂತ. ನನಗೆ ಬಸ್ಸೇ ಬೇಡ, ನಮ್ಮವರ ಸ್ಕೂಟರ್ ಉಂಟು. ಆದರೂ ಒಬ್ಬರು ಕೇಳ್ಬೇಕು."