ಸಾಕ್ಷಿದಾರರ ಬಾಗಿಲು

1988ರಲ್ಲಿ ನಾನು ನಾಸಿಕದಲ್ಲಿ ಲೋಕೋಪಯೋಗಿ ಇಲಾಖೆಯ ಡೆಪ್ಯೂಟಿ ಎಂಜಿನಿಯರ್ ಆಗಿದ್ದೆ. ಊರ ನಡುವಿನ ಒಂದು ಹಳೆಯ ಕೋರ್ಟ್ ಕಟ್ಟಡದ ಉಸ್ತುವಾರಿ ನನ್ನ ಪಾಲಿಗೆ ಬಂದಿತ್ತು. ನಾನು ಬೀದರ್ ಕಡೆಯವನು. ಓದು, ನೌಕರಿ ಎರಡೂ ಮಹಾರಾಷ್ಟ್ರದಲ್ಲೇ. ಆದರೂ ಗಡಿ ಜಗಳದ ಬಿಸಿ ಆರಿರದ ದಿನಗಳವು. ಅಲ್ಲಿನ ಕೆಲವು ವಕೀಲರಿಗೆ ನಾನು ಎಂಜಿನಿಯರ್ ಅಲ್ಲ, ಬರೀ ‘ಕಾನಡಿ’. ಅವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ಇಲ್ಲ.

ಕಟ್ಟಡ ಮಾತ್ರ ಅಪ್ಪಟ ಬಂಗಾರ. ಬ್ರಿಟಿಷರ ಕಾಲದ್ದು. ಕರಿಗಲ್ಲಿನ ಗೋಡೆ, ಸುಣ್ಣದ ಗಾರೆ, ಮುಂದೆ ಕಮಾನುಗಳ ಉದ್ದನೆಯ ವರಾಂಡ, ಸಾಗುವಾನಿ ತೊಲೆಗಳ ಮೇಲೆ ಕೆಂಪು ಹಂಚು. ಕೋರ್ಟ್ ಹಾಲಿನ ಚಾವಣಿ ಎಷ್ಟು ಎತ್ತರವೆಂದರೆ ಮೇ ತಿಂಗಳಲ್ಲೂ ಒಳಗೆ ತಂಪು. ಮಳೆಗಾಲಕ್ಕೆ ಮುಂಚೆ ಸೋರುವ ಜಾಗದ ಹಂಚು ತೆಗೆಸಿದೆ. ಅವುಗಳ ಬೆನ್ನಿನ ಮೇಲೆ ಮಂಗಳೂರಿನ ಕಾರ್ಖಾನೆಯ ಮುದ್ರೆ ಇತ್ತು! ಪರವೂರಿನಲ್ಲಿ ನೆಂಟರು ಸಿಕ್ಕಷ್ಟು ಖುಷಿಯಾಯಿತು.

ಅದೇ ದಿನ ಹಿಂಬದಿಯ ಗೋಡೆಯನ್ನೂ ನೋಡಿದೆ. ಕಲ್ಲಿನ ಮೆಟ್ಟಿಲುಗಳು ನೆಲದಿಂದ ಎದ್ದು ನೇರವಾಗಿ ಗೋಡೆಗೆ ಹೋಗಿ ಮುಟ್ಟಿದ್ದವು. ಮೆಟ್ಟಿಲಿನ ನಡುಭಾಗ ಕಾಲು ತಾಕಿ ತಾಕಿ ಸವೆದಿತ್ತು. ಮೇಲೆ ಕಲ್ಲಿನ ಕಮಾನು, ಕಮಾನಿನೊಳಗೆ ಮಾತ್ರ ಇಟ್ಟಿಗೆ. ಅಂದರೆ ಯಾರೋ ಬಾಗಿಲು ಮುಚ್ಚಿದ್ದಾರೆ. ಒಳಗೆ ಹೋದರೆ ಅದು ಸಾಕ್ಷಿದಾರರ ಕೋಣೆ. ಕಟ್ಟಿದವರು ಸಾಕ್ಷಿ ಹೇಳುವವರಿಗೆ ಹಿಂದಿನಿಂದ ಬೇರೆ ದಾರಿ, ಬೇರೆ ಕೋಣೆ, ಅಲ್ಲಿಂದ ನೇರ ಹಾಲಿಗೆ ಒಂದು ಸಣ್ಣ ಬಾಗಿಲು ಇಟ್ಟಿದ್ದರು. ಆ ಕೋಣೆಯಲ್ಲೀಗ ವಕೀಲರ ಚಹಾ, ಸಿಗರೇಟು, ಕೇರಂ. ಹೊರಗಿನ ಬಾಗಿಲಿದ್ದರೆ ಗಾಳಿಗೆ ಕೇರಂ ಪುಡಿ ಹಾರುತ್ತದೆಯಂತೆ!

ವರಾಂಡಕ್ಕೆ ಬಂದೆ. ಒಬ್ಬ ಹೆಣ್ಣುಮಗಳು ಕಮಾನಿನ ಹೊರಗೆ, ಬಿಸಿಲಲ್ಲಿ ನಿಂತು ಅಚ್ಚ ಬೀದರ್ ಕನ್ನಡದಲ್ಲಿ ಯಾರನ್ನೋ ಶಪಿಸುತ್ತಿದ್ದಳು.

“ಯಾಕವ್ವಾ, ಏನಾಯ್ತು?” ಎಂದೆ.

ಕನ್ನಡ ಕೇಳಿದ್ದೇ ಅವಳಿಗೆ ಅಳು ಬಂತು. ಹೆಸರು ಶರಣಮ್ಮ. ಗಂಡ ಹೆಂಡತಿ ಇಬ್ಬರೂ ಊರಂಚಿನ ಸಾತಪುರದಲ್ಲಿ ಒಂದು ಕಾರ್ಖಾನೆಯ ಶೆಡ್ ಕಟ್ಟುವ ಕೂಲಿಗಳು. ಕೊಳೆತ ಬೊಂಬಿನ ಅಟ್ಟಣಿಗೆ ಬೇಡವೆಂದು ಗಂಡ ಹೇಳಿದರೂ ಗುತ್ತಿಗೆದಾರ ಬೈದು ಹತ್ತಿಸಿದ್ದ. ಅಟ್ಟಣಿಗೆ ಮುರಿಯಿತು, ಗಂಡ ಸತ್ತ. ಬೈದದ್ದನ್ನು ಕೇಳಿದವಳು, ಬಿದ್ದದ್ದನ್ನು ಕಂಡವಳು ಇವಳೊಬ್ಬಳೇ. ಗುತ್ತಿಗೆದಾರನ ಮೇಲಿನ ಕೇಸು ನಿಂತದ್ದೇ ಇವಳ ಮಾತಿನ ಮೇಲೆ.

“ಆ ಬೆಂಚಿನ ಮ್ಯಾಲ ಕುಂತಾರ ನೋಡ್ರಿ ಸಾಹೇಬ್ರ, ಅವನ ಮಂದಿ. ನಾ ದಾಟಬೇಕಂದ್ರ ಕಾಲು ಚಾಚ್ತಾರ. ಮಗಳು ಯಾವ ಸಾಲಿಗಿ ಹೋಗ್ತಾಳ ಗೊತ್ತದ ಅಂತಾರ. ಇದ್ರಾಗ ಹೆಂಗ ಹೋಗ್ಲಿರಿ?”

ಹಿಂದಿನ ತಾರೀಖಿಗೂ ಹೀಗೇ ವಾಪಸ್ ಹೋಗಿದ್ದಳು. ಮುಂದಿನ ಸಲವೂ ಬರದಿದ್ದರೆ ಸಾಕ್ಷಿ ಮುಗಿಯಿತೆಂದು ಬರೆಯುತ್ತಾರೆ, ಗುತ್ತಿಗೆದಾರ ಮೀಸೆ ತಿರುವುತ್ತ ಮನೆಗೆ ಹೋಗುತ್ತಾನೆ. ಸರ್ಕಾರಿ ವಕೀಲರನ್ನು ಕೇಳಿದೆ. “ವರಾಂಡ ಸಾರ್ವಜನಿಕ ಜಾಗ, ಯಾರನ್ನು ಎಬ್ಬಿಸಲಿ?” ಎಂದು ಕೈ ಚೆಲ್ಲಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಮ್ಯಾಜಿಸ್ಟ್ರೇಟರ ಹತ್ತಿರ ಹೋದೆ. ಕಡಿಮೆ ಮಾತಿನ ಮನುಷ್ಯ. ಅವರನ್ನು ಹಿಂಬದಿಗೆ ಕರೆದೊಯ್ದು ಮೆಟ್ಟಿಲು ತೋರಿಸಿದೆ. ಅವರು ಮೇಲಿನ ಮೆಟ್ಟಿಲಿನವರೆಗೂ ಹತ್ತಿದರು, ಇಟ್ಟಿಗೆಯನ್ನು ಬೆರಳಿನಿಂದ ತಟ್ಟಿ ನೋಡಿದರು. “ಮುಂದಿನ ತಾರೀಖಿನೊಳಗೆ ತೆರೆಯಿರಿ” ಎಂದರು.

ಕೇರಂ ಬೋರ್ಡು, ಕಪಾಟು, ಚಹಾದ ಸ್ಟೋವು ಅಂಗಳಕ್ಕೆ ಬಂದವು. ಗೌಂಡಿಗಳು ಮೊದಲ ಇಟ್ಟಿಗೆ ಕಿತ್ತರು. ವಕೀಲರು ಹಿಂಡಾಗಿ ಬಂದು ಅಡ್ಡ ನಿಂತರು. ಅವರ ಸಂಘದ ಅಧ್ಯಕ್ಷ ನನ್ನ ಎದೆಗೆ ಬೆರಳು ತಿವಿದು ಕೂಗಿದ: “ಹಾ ಕಾನಡಿ ಆಮ್ಚೀ ಇಮಾರತ್ ಮೋಡ್ತೋಯ್!” ಕನ್ನಡದವನೊಬ್ಬ ನಮ್ಮ ಕಟ್ಟಡ ಒಡೆಯುತ್ತಿದ್ದಾನೆ ಎಂದು.

ನಾನೂ ಅವನ ಮರಾಠಿಯಲ್ಲೇ ಅಂದೆ: “ನಿಮ್ಮ ತಲೆಯ ಮೇಲಿನ ಹಂಚೆಲ್ಲ ಮಂಗಳೂರಿನದು. ಮೊದಲು ಅದನ್ನು ಇಳಿಸಿ ವಾಪಸ್ ಕಳಿಸಿ. ಆಮೇಲೆ ನನ್ನನ್ನು ಕಳಿಸುವಿರಂತೆ.”

ಒಬ್ಬ ಗೌಂಡಿ ಕಿಸಕ್ಕನೆ ನಕ್ಕ. ಅಧ್ಯಕ್ಷನ ಮುಖ ಕಪ್ಪಿಟ್ಟಿತು. ಮೇಲಧಿಕಾರಿ ಫೋನಿನಲ್ಲಿ, “ಊರಿನ ವಕೀಲರನ್ನೆಲ್ಲ ಎದುರು ಹಾಕಿಕೊಂಡೆ. ಗಂಟುಮೂಟೆ ಕಟ್ಟು” ಎಂದರು. ಕಟ್ಟುತ್ತೇನೆ, ಮೊದಲು ಚೌಕಟ್ಟು ಕೂಡಲಿ ಎಂದೆ. ಕೂಡಿತು. ಸಾಗುವಾನಿ ಬಾಗಿಲು, ಒಳಗಿನಿಂದ ಅಗಳಿ.

ತಾರೀಖಿನ ದಿನ ಬೆಳಿಗ್ಗೆಯಿಂದ ಗುತ್ತಿಗೆದಾರನ ಮಂದಿ ವರಾಂಡದ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದರು. ನಾನು ಹಾಲಿನ ಕೊನೆಯಲ್ಲಿ ನಿಂತಿದ್ದೆ. ಪದ್ಧತಿಯಂತೆ ಪಟ್ಟೇವಾಲಾ, ಅಂದರೆ ಕೋರ್ಟಿನ ಜವಾನ, ಮುಂಬಾಗಿಲಿಗೆ ಹೋಗಿ ವರಾಂಡದ ಕಡೆಗೆ ಮುಖ ಮಾಡಿ ಕೂಗಿದ: “ಶರಣಮ್ಮಾ ಹಾಜಿರ್ ಹೋ!”

ಹೊರಗೆ ನಗು ಕೇಳಿಸಿತು. ಎರಡನೆಯ ಸಲ ಕೂಗಿದ. “ನಹೀ ಆಯೀ, ಭಾಗ್ ಗಯೀ,” ಬಂದಿಲ್ಲ, ಓಡಿಹೋದಳು ಎಂದಿತು ಒಂದು ದನಿ. ಗುತ್ತಿಗೆದಾರ ಕಟಕಟೆಯಲ್ಲಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. ಜವಾನ ಮೂರನೆಯ ಸಲ ಕೂಗಿದ.

“ಇಲ್ಲೇ ಅದೀನ್ರೀ!”

ದನಿ ಬಂದದ್ದು ಅವನ ಬೆನ್ನ ಹಿಂದಿನಿಂದ, ಹಾಲಿನ ಒಳಗಿನಿಂದ. ಜವಾನ ಬೆಚ್ಚಿ ತಿರುಗಿದ. ಸಣ್ಣ ಬಾಗಿಲಿನಲ್ಲಿ ಶರಣಮ್ಮ ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದಳು. ಗುತ್ತಿಗೆದಾರನ ಕರವಸ್ತ್ರ ಕುತ್ತಿಗೆಯ ಮೇಲೇ ನಿಂತುಬಿಟ್ಟಿತು. ಅವಳು ಸಾಕ್ಷಿ ಕಟ್ಟೆ ಹತ್ತಿ, ಕಂಡದ್ದು ಕೇಳಿದ್ದು ಎಲ್ಲ ಹೇಳಿದಳು. ಅವನ ವಕೀಲ ಎಷ್ಟು ಗದರಿಸಿದರೂ ಒಂದು ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಗುತ್ತಿಗೆದಾರನಿಗೆ ಶಿಕ್ಷೆಯಾಯಿತು. ನನ್ನ ಕೇಳಿದರೆ ಸಾಲದು, ಆದರೆ ಆಯಿತು. ನನಗೂ ಆಯಿತು: ಔರಂಗಾಬಾದಿಗೆ, ಈಗಿನ ಛತ್ರಪತಿ ಸಂಭಾಜಿನಗರಕ್ಕೆ ವರ್ಗ. ಅಲ್ಲಿ ಹೊಸ ಕೋರ್ಟುಗಳ ನಕ್ಷೆಗಳು ನನ್ನ ಮೇಜಿಗೆ ಬರುತ್ತಿದ್ದವು. ಕಂಬ, ಕಮಾನು, ಹೊರಗಿನ ಅಂದ ಎಲ್ಲ ಆಮೇಲೆ. ಹೆದರಿದವರು ಒಳಗೆ ಬರುವುದು ಎಲ್ಲಿಂದ ಎಂಬುದನ್ನು ಮೊದಲು ಹುಡುಕುತ್ತಿದ್ದೆ. ನೌಕರಿ ಕಲಿಸಿದ್ದು ಅದೊಂದನ್ನೇ. ಆಫೀಸಿನವರು ಹಿಂದಿನಿಂದ ನನ್ನನ್ನು ‘ದರವಾಜಾ ಸಾಹೇಬ’ ಎಂದು ನಗುತ್ತಿದ್ದರಂತೆ. ನಗಲಿ. ಆ ಬಾಗಿಲಿಲ್ಲದ ನಕ್ಷೆಗೆ ನಾನು ಸಹಿ ಹಾಕಲಿಲ್ಲ.